ನೀರು ಕಂಡವರು ಯಾರು?

ಅಂತರ್ಜಾಲದ ಹುಡುಕುಯಂತ್ರದ ಕ್ಷೇತ್ರದಲ್ಲಿ ವೇಗಕ್ಕಾಗಿ ದುಡಿದವರು ಬಹಳ ಮಂದಿ. ವೇಗಕ್ಕೆ ಹೆದರಿ ದುಡಿದು ಗೌರವ ಗಳಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆ ಒಬ್ಬರೇ. ಎದುರಿಗೆ ಎಲ್ಲರೂ 'ಮೇಡಂ' ಎನ್ನುತ್ತಾರೆ, ಬೆನ್ನ ಹಿಂದೆ 'ಬ್ರೇಕಮ್ಮ'. ಕೇಳಿಯೂ ಕೇಳದವರಂತೆ ನಗುವ ದೊಡ್ಡತನ ಅವರದು.

ಮೊದಲು ಅವರು ಹೀಗಿರಲಿಲ್ಲ. ಜಾಲತಾಣಗಳಲ್ಲಿ ಜನ ಬರೆದ ಮಾತನ್ನು ಬರೆದ ಕ್ಷಣದಲ್ಲೇ ಹುಡುಕಾಟದ ಫಲಿತಾಂಶಗಳ ನೆತ್ತಿಯ ಮೇಲೆ ತೋರಿಸುವ ಏರ್ಪಾಡನ್ನು ಹಟ ಹಿಡಿದು ಕಟ್ಟಿದವರು ಅವರೇ. ಹೆಚ್ಚು ಜನ ಹುಡುಕಿದ ಮಾತು ಹೆಚ್ಚು ಮೇಲೆ ಬರಲಿ ಎಂಬ ನಿಯಮವೂ ಅವರದೇ. ಹೊಸಬರನ್ನು ಪಕ್ಕದಲ್ಲೇ ಕೂರಿಸಿಕೊಂಡು, ತಮ್ಮ ಊಟದ ಡಬ್ಬಿಯನ್ನೂ ಹಂಚಿಕೊಂಡು, ಎಲ್ಲವನ್ನೂ ಬೇಸರವಿಲ್ಲದೆ ಕಲಿಸಿದರು.

ಏರ್ಪಾಡು ಶುರುವಾದ ವರ್ಷವೇ, ಜೋರು ಮಳೆ ನಿಂತ ಒಂದು ಮಧ್ಯಾಹ್ನ, 'ಅಣೆಕಟ್ಟು ಒಡೆದಿದೆ' ಎಂಬ ಸಾಲು ಪರದೆಯ ತುದಿಗೇರಿತು. ಆ ಅಣೆಕಟ್ಟಿನ ಕೆಳಗೇ ಅವರ ತಂಗಿಯ ಮನೆ. ಮೇಡಂ ಅಣೆಕಟ್ಟಿನ ಕಚೇರಿಗೆ ಫೋನ್ ಮಾಡಿದರೆ ಲೈನೇ ಸಿಗಲೊಲ್ಲದು. ಅಷ್ಟರಲ್ಲಿ ತಂಗಿಯೇ ಫೋನ್ ಮಾಡಿದರು.

"ಅಕ್ಕಾ, ಮಕ್ಕಳನ್ನ ಕರ್ಕೊಂಡು ಸೇತುವೆ ದಾಟಿ ಎತ್ತರದ ಕಡೆ ಹೊರಟೆ, ಬೀಗ ಹಾಕ್ತಿದೀನಿ. ಊರಿಗೆ ಊರೇ ಅಲ್ಲಿಗೆ ನುಗ್ತಿದೆ!"

"ಒಡೆದಿದೆ ಅಂತ ಯಾರೇ ಹೇಳಿದ್ದು?"

"ನಿಮ್ಮ ಕಂಪನಿನೇ! ಹುಡುಕಿದ್ರೆ ಮೊದಲು ಬರೋದೇ ಅದು. ನಮ್ಮಕ್ಕನ ಕಂಪನಿ ಸುಳ್ಳು ಹೇಳಲ್ಲ ಅಂತ ಪಕ್ಕದ ಮನೆಯೋರಿಗೂ ನಾನೇ ತೋರಿಸ್ದೆ."

ಮೇಡಂ ಪರದೆಯತ್ತ ತಿರುಗಿದರು. ಹೆದರಿದವರು ಹುಡುಕುತ್ತಿದ್ದರು, ಹುಡುಕಿದ್ದರಿಂದಲೇ ಸಾಲು ಮೇಲೇರುತ್ತಿತ್ತು, ಮೇಲೆ ಕಂಡದ್ದರಿಂದ ಇನ್ನಷ್ಟು ಜನ ಹೆದರಿ ಅದನ್ನೇ ಬರೆಯುತ್ತಿದ್ದರು. ಕಣ್ಣಾರೆ ನೀರು ಕಂಡೆ ಎಂದವರು ಒಬ್ಬರೂ ಇಲ್ಲ. ಸುಳ್ಳಾಗಿದ್ದು ಹಾಗೇ ಬಿಟ್ಟರೆ ಸೇತುವೆಯ ಮೇಲೆ ಕಾಲ್ತುಳಿತ; ನಿಜವಾಗಿದ್ದು ತೆಗೆದುಹಾಕಿದರೆ ಊರೇ ನೀರುಪಾಲು.

"ನಿನ್ನ ಮಹಡಿ ಮೇಲಿಂದ ಅಣೆಕಟ್ಟು ಕಾಣುತ್ತಲ್ಲ? ಹತ್ತಿ ನೋಡು."

"ತಲೆ ಕೆಟ್ಟಿದೆಯಾ ನಿಂಗೆ? ಮಕ್ಕಳಿದಾರೆ ಜತೆಗೆ!"

"ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಹತ್ತು."

ಫೋನಿನಲ್ಲಿ ಮೆಟ್ಟಿಲು ಹತ್ತುವ ಸದ್ದು, ಮಕ್ಕಳ ಅಳು. ಓಡಿ ಬದುಕಬಹುದಾದವಳನ್ನು ತಾನೇ ಹಿಡಿದು ನಿಲ್ಲಿಸಿದೆನೇ ಎಂದುಕೊಳ್ಳುತ್ತ ಮೇಡಂ ಫೋನನ್ನು ಕಿವಿಗೊತ್ತಿಕೊಂಡರು.

"ಗೋಡೆ ಇದ್ದ ಹಾಗೇ ಇದೆ ಅಕ್ಕಾ. ಏನೂ ಆಗಿಲ್ಲ."

ಆ ಸಾಲನ್ನು ಕಿತ್ತುಹಾಕಿ, ತಂಗಿ ಮಹಡಿಯಿಂದ ತೆಗೆದು ಕಳಿಸಿದ ಫೋಟೊವನ್ನೇ ಅದರ ಜಾಗದಲ್ಲಿಟ್ಟರು. ಸೇತುವೆಯಲ್ಲಿ ಕೆಲವರ ಕೈಕಾಲು ಮುರಿದವು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಅಂದಿನಿಂದ ಅಪಾಯದ ಸುದ್ದಿ ಯಾವುದೇ ಬರಲಿ, ಸ್ಥಳದಲ್ಲಿದ್ದವರೊಬ್ಬರಿಗೆ ಫೋನ್ ಮಾಡಿ "ನೀವೇ ಕಂಡ್ರಾ?" ಎಂದು ಕೇಳದೆ ಅವರು ಅದನ್ನು ಮೇಲೇರಲು ಬಿಟ್ಟವರಲ್ಲ. ಬ್ರೇಕಮ್ಮ ಎಂಬ ಬಿರುದು ಬಂದದ್ದು ಹೀಗೆ.

ಮೊನ್ನೆಯ ಬೀಳ್ಕೊಡುಗೆಯಲ್ಲಿ ತಂಗಿ ಮೆಲ್ಲನೆ ಕೇಳಿದರು: "ಅಕ್ಕಾ, ಅವತ್ತು ನಿಜವಾಗ್ಲೂ ಒಡೆದಿದ್ರೆ?"

"ಪ್ರತಿ ಸಲ ಫೋನ್ ಎತ್ತಿದಾಗ್ಲೂ ನೀನು ಮೆಟ್ಟಿಲು ಹತ್ತೋ ಸದ್ದೇ ಕೇಳುತ್ತೆ ಕಣೇ," ಎಂದರು ಮೇಡಂ.

ಸಲಹೆಗಾರರಾಗಿ ಮುಂದುವರಿಯಲು ಒಪ್ಪಿರುವ ಅವರು ಆಯುರಾರೋಗ್ಯದಿಂದ ನೂರ್ಕಾಲ ಬಾಳಲಿ. ಆ ಸದ್ದು ಕೇಳಿಸದವರು ಅವರ ಕುರ್ಚಿಯಲ್ಲಿ ಎಂದೂ ಕೂರದಿರಲಿ.