ಚಪ್ಪಟೆ ಬಾಯಿಯ ಕೇಬಲ್

ಕಳೆದ ಭಾನುವಾರ ರಸೆಲ್ ಮಾರುಕಟ್ಟೆಗೆ ಹೂವು ತರಲು ಹೋದವನು ಹೂವು ಮರೆತು ಒಂದು ಕೇಬಲ್ ಕೊಂಡು ಬಂದೆ. ನಗಬೇಡಿ. ಫುಟ್‌ಪಾತಿನಲ್ಲಿ ಹಳೆಯ ಚಾರ್ಜರುಗಳ ರಾಶಿ ಹಾಕಿಕೊಂಡು ಕೂತಿದ್ದ ಮುದುಕರೊಬ್ಬರು, "ಅದು ಈಗ ಯಾವ್ದಕ್ಕೂ ಆಗಲ್ಲ ಸಾರ್, ಬೇರೆ ತಗೊಳ್ಳಿ" ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ಅದರ ಅಗಲವಾದ ಚಪ್ಪಟೆ ಬಾಯಿ ನೋಡುತ್ತಲೇ ನನಗೆ ಹುಲಿಗೆಮ್ಮ ನೆನಪಾಗಿದ್ದರು.

ಅದು ಐಪಾಡಿನ ಕೇಬಲ್. ಐಪಾಡ್ ಎಂದರೇನೆಂದು ಈಗಿನವರಿಗೆ ವಿವರಿಸಬೇಕು. ನನ್ನ ಸೊಂಟದಲ್ಲಿ ಮೊದಲು ನೇತಾಡುತ್ತಿದ್ದದ್ದು ಕ್ಯಾಸೆಟ್ಟಿನ ವಾಕ್‌ಮನ್. ಆಮೇಲೆ ಬಂತು, ನಡುವೆ ಚಕ್ರವಿದ್ದ, ಸೋಪಿನ ಡಬ್ಬಿಯಂಥ ಐಪಾಡ್. ಹೆಬ್ಬೆರಳಿನಿಂದ ಚಕ್ರ ಸವರಿದರೆ ಹಾಡುಗಳ ಪಟ್ಟಿ ಸರಸರ ಓಡುತ್ತಿತ್ತು. ಅದೇ ತೆಳ್ಳಗಾಗುತ್ತಾ ಬಿಸ್ಕತ್ತಿನಷ್ಟಾಯಿತು, ನಮ್ಮ ದನಿ ಹಿಡಿದಿಡುವುದನ್ನೂ ಕಲಿಯಿತು. ಕೊನೆಗೆ ಚಕ್ರ ಮಾಯವಾಗಿ ಮೈಯೆಲ್ಲ ಗಾಜಾಯಿತು. ಮುಂದೆ ಫೋನು ಅದನ್ನು ಪೂರ್ತಿ ನುಂಗಿತು, ತಯಾರಿಸುವುದನ್ನೇ ನಿಲ್ಲಿಸಿದರು. ಹೊಸದು ಬಂದಾಗಲೆಲ್ಲ ನನಗೆ ಹಳೆಯದರ ಮೇಲೆ ಅಸಡ್ಡೆ. ಆ ಚಾಳಿಯೇ ನನ್ನನ್ನು ಕೆಡಿಸಿದ್ದು.

ಆಗ ನಾನು ಶಿವಾಜಿನಗರದ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುತ್ತಿದ್ದೆ. ವಾಸ ಮರ್ಫಿ ಟೌನಿನ ವಠಾರದ ಒಂದು ಕೋಣೆ. ಪಕ್ಕದ ಕೋಣೆಯಲ್ಲಿ ಸಿಂಧನೂರು ಕಡೆಯ ಹುಲಿಗೆಮ್ಮ, ಅವರ ಗಂಡ. ಇಂದಿರಾನಗರದಲ್ಲಿ ಬಂಗಲೆ ಒಡೆದು ಹೋಟೆಲು ಮಾಡುವ ಕಡೆ ಇಬ್ಬರೂ ಮಣ್ಣು ಹೊರುತ್ತಿದ್ದರು. ಬೆಳಿಗ್ಗೆ ಹುಲಿಗೆಮ್ಮ ಜೋಳದ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರ. ಆ ಬಡಿತದ ತಾಳಕ್ಕೆ ಅವರು ತಮ್ಮ ಅವ್ವನಿಂದ ಕಲಿತ ಬೀಸುವ ಪದ ಹಾಡುತ್ತಿದ್ದರು. ಇಲ್ಲಿ ಬೀಸುವ ಕಲ್ಲೆಲ್ಲಿ, ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಪದ ಮಾತ್ರ ರೊಟ್ಟಿಗೆ ಬಂದು ಸೇರಿಕೊಂಡಿತ್ತು. ಒಂದು ದಿನ ಅವರು ಹಿಟ್ಟು ನಾದುವ ಪರಾತದ ಪಕ್ಕ ಐಪಾಡ್ ಇಟ್ಟು ಇಡೀ ಪದ ಹಿಡಿದುಕೊಂಡೆ. ಕಿವಿಗೆ ಸಿಕ್ಕಿಸಿ ಕೇಳಿಸಿದಾಗ ಅವರು ಹಿಟ್ಟಿನ ಕೈ ಎತ್ತಿ ಹಿಡಿದು, "ಇದು ನಮ್ಮವ್ವನ ದನಿ ಐತ್ರಿ ಅಣ್ಣಾರ" ಎಂದರು.

ಅಂದಿನಿಂದ ದಿನಾ ಸಂಜೆ ಬಂದು ಒಮ್ಮೆ ಕೇಳಿಕೊಂಡು ಹೋಗುವುದು ರೂಢಿಯಾಯಿತು. ರೊಟ್ಟಿ ಬಡಿಯುವಾಗ ಹಾಡುವುದು ಮೆಲ್ಲಗೆ ನಿಂತುಹೋಯಿತು. ಅದು ನನ್ನ ಗಮನಕ್ಕೆ ಬರಲಿಲ್ಲ.

ಗಾಜಿನ ಐಪಾಡ್ ಕೊಂಡಾಗ ಹಳೆಯದನ್ನು ಅವರಿಗೇ ಕೊಡುವ ಉದಾರ ಬುದ್ಧಿ ಬಂತು. ಕೊಡುವ ವಸ್ತು ಚೊಕ್ಕಟವಾಗಿರಬೇಕಲ್ಲ? ಪಾತ್ರೆ ತೊಳೆದು ಕೊಡುವ ಹಾಗೆ ಒಳಗಿದ್ದದ್ದನ್ನೆಲ್ಲ ಒಂದೇ ಸಲಕ್ಕೆ ಅಳಿಸಿ, ಸಿನಿಮಾ ಹಾಡು ತುಂಬಿ ಕೊಟ್ಟೆ. ದಿನವಿಡೀ ತಪ್ಪು ಹೊಡೆದುಹಾಕುವವನ ಕೈ ಅದು. ಹುಲಿಗೆಮ್ಮ ಎರಡು ದಿನ ಚಕ್ರ ತಿರುಗಿಸಿ ತಿರುಗಿಸಿ, ಬಂದು ಕೇಳಿದರು: "ನನ್ನ ಪದ ಎಲ್ಲೈತ್ರಿ?"

ನಿಜ ಹೇಳಬಹುದಿತ್ತು. ಅಲ್ಲೇ ಕೂರಿಸಿ ಇನ್ನೊಮ್ಮೆ ಹಾಡಿಸಬಹುದಿತ್ತು. ಆದರೆ ಊರಿನವರ ತಪ್ಪನ್ನೆಲ್ಲ ತಿದ್ದುವ ಈ ಮಹಾಶಯ ತನ್ನ ತಪ್ಪು ಒಪ್ಪಿಕೊಳ್ಳುವುದುಂಟೇ? ಕಂಪ್ಯೂಟರಿನಲ್ಲಿ ಭದ್ರವಾಗಿದೆ, ಹಾಕಿಕೊಡುತ್ತೇನೆ ಎಂದುಬಿಟ್ಟೆ. ಅವರು ನಂಬಿದರು. ಕೆಲವು ತಿಂಗಳಿಗೆ ಕೆ.ಆರ್. ಪುರಕ್ಕೆ ಮನೆ ಬದಲಿಸುವಾಗ, ಪದ ಸಿದ್ಧವಾದರೆ ತಿಳಿಸಲೆಂದು ಫೋನ್ ನಂಬರು ಕೊಟ್ಟು ಹೋದರು. ನಾನು ಫೋನ್ ಮಾಡಲಿಲ್ಲ.

ಕೇಬಲ್ ಕೊಂಡ ದಿನ ಮಾಡಿದೆ. ಇಷ್ಟು ವರ್ಷವಾದರೂ ನಂಬರು ಅದೇ ಇತ್ತು. ಮೆಟ್ರೋ ಹತ್ತಿ ಹೋದೆ. ತಲೆ ನೆರೆತಿದ್ದ ಹುಲಿಗೆಮ್ಮ ಚಹಾ ಕೊಟ್ಟು, ಟ್ರಂಕಿನಿಂದ ಐಪಾಡ್ ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ ನನ್ನ ಮುಂದಿಟ್ಟರು.

"ಪದ ತಂದ್ರೇನ್ರಿ ಅಣ್ಣಾರ?"

ಕೊಡುವ ಮೊದಲೇ ಅಳಿಸಿಹಾಕಿದ್ದೆ, ಆವತ್ತು ಹೇಳಿದ್ದು ಸುಳ್ಳು ಎಂದೆ. ಅವರು ಬೈಯಲಿಲ್ಲ. ಐಪಾಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದರು: "ನನಗ ಎರಡ ನುಡಿ ನೆನಪದಾವ. ಉಳಿದಾವು ನಿಮ್ಮ ಕಡೆ ಅದಾವ ಅಂತ ಮರತೆ."

ಆ ಎರಡನ್ನು ಹಿಡಿದಿಟ್ಟುಕೊಳ್ಳಲು ನನ್ನ ಕೈ ತಾನಾಗಿ ಜೇಬಿನ ಫೋನಿಗೆ ಹೋಯಿತು. ನಾಚಿಕೆಯಾಗಿ ಹಿಂದೆಗೆದೆ. ಆ ಎರಡನ್ನಾದರೂ ಹೇಳಿಕೊಡಿ, ಬಾಯಿಪಾಠ ಮಾಡಿಕೊಳ್ಳುತ್ತೇನೆ ಎಂದು ಕೇಳಿಕೊಂಡೆ. ಹೇಳಿಕೊಟ್ಟರು, ನನ್ನ ಮುಖ ನೋಡಲಿಲ್ಲ.

ಕೇಬಲ್ ಮೇಜಿನ ಮೇಲಿದೆ. ಈಗ ಬೆಳಿಗ್ಗೆ ಚಹಾಕ್ಕಿಟ್ಟು ಆ ಎರಡು ನುಡಿ ಹೇಳಿಕೊಳ್ಳುತ್ತೇನೆ. ಎರಡನೆಯದು ಮುಗಿದ ಮೇಲೂ ಒಲೆ ಆರಿಸದೆ ಸ್ವಲ್ಪ ಹೊತ್ತು ನಿಂತಿರುತ್ತೇನೆ. ಮೂರನೆಯದು ಬರುವುದಿಲ್ಲ.