ದಾರದ ಡಾಕ್ಟರು

ಸೊಸೆಯ ಎರಡನೆಯ ಹೆರಿಗೆ ಸುಸೂತ್ರವಾಗಲೆಂದು ಪಕ್ಕದ ಮನೆಯವರು ತ್ರ್ಯಂಬಕೇಶ್ವರದಿಂದ ಹಳದಿ ದಾರ ತಂದುಕೊಟ್ಟರು. ಪೊಟ್ಟಣ ಬಿಚ್ಚಿದರೆ ಅರಿಶಿನದ ವಾಸನೆ... ದೇವರು ನೆನಪಾಗಬೇಕಿತ್ತು. ನೆನಪಾದದ್ದು ನಾಸಿಕದ ಆ ಅರವಳಿಕೆ ಡಾಕ್ಟರು.

ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ವಿಜಯಪುರದಿಂದ ಅಲ್ಲಿಗೆ ಹೋಗಿದ್ದೆವು. ನಾನು ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಡಾಕ್ಟರು ಧಾರವಾಡದವರು. ಕನ್ನಡದವಳೆಂಬ ಒಂದೇ ತಪ್ಪಿಗೆ ಅವರ ಕಾಟವೆಲ್ಲ ನನ್ನ ಪಾಲಿಗೆ ಬರುತ್ತಿತ್ತು. ಹೆರಿಗೆ ನೋವು ತಡೆಯಲು ಬೆನ್ನಿಗೆ ಶಾವಿಗೆ ಎಳೆಯಷ್ಟು ಸಣ್ಣ ನಳಿಕೆ ಹಾಕುತ್ತಾರಲ್ಲ, ಅದರ ಹೊರತುದಿಯನ್ನು ಭುಜದ ಮೇಲೆ ತಂದು ಅಂಟಿಸುತ್ತಾರೆ. ಸಲೈನಿನ ನಳಿಕೆಯೂ ಅಲ್ಲೇ ಪಕ್ಕದಲ್ಲಿ. ಎರಡಕ್ಕೂ ಒಂದೇ ಅಳತೆಯ ಬಾಯಿ. ಯಾವ ಸಿರಿಂಜ್ ಆದರೂ ಎರಡಕ್ಕೂ ಕೂರುತ್ತದೆ. ರಕ್ತಕ್ಕೆ ಹೋಗಬೇಕಾದ ಔಷಧ ಬೆನ್ನಿಗೆ ಹೋದರೆ ಕಾಲಿನ ಶಕ್ತಿ ಹೋಗಬಹುದು, ಜೀವವೂ ಹೋಗಬಹುದು.

“ಈ ನಳಿಗಿ ಮಾಡಿದಾಂವಗ ಬುದ್ಧಿ ಇಲ್ಲ ಸಿಸ್ಟರ್, ಔಷಧ ಹಾಕೋ ನಮಗರ ಇರಬೇಕಲ್ರಿ?” ಎನ್ನುತ್ತ ಅವರು ಬೆನ್ನಿನ ನಳಿಕೆಯ ಬಾಯಿಗೆ ಹಳದಿ ದಾರ ಸುತ್ತಿ ಗಂಟು ಹಾಕುತ್ತಿದ್ದರು. ಚೀಟಿ ಅಂಟಿಸಿದರೆ ಬೆವರಿಗೆ ಉದುರುತ್ತದಂತೆ. ಪಂಚವಟಿಯಿಂದ ದಾರ ತರುವುದು ಅವರು. ಗೇಣುದ್ದ ಕತ್ತರಿಸಿ, ಕುದಿಸಿ, ಒಣಗಿಸುವುದು ನಾನು! ನಾನು ಕಟ್ಟಿದ ದಿನ ಗಂಟನ್ನು ಎಳೆದು ನೋಡಿ, ಸಡಿಲವೆನಿಸಿದರೆ ಮತ್ತೆ ಕಟ್ಟಿಸುವರು. ತಲೆ ಚಿಟ್ಟು ಹಿಡಿದುಹೋಗುತ್ತಿತ್ತು. ‘ದಾರದ ಡಾಕ್ಟರು’ ಎಂದು ಹೆಸರಿಟ್ಟವಳೂ ನಾನೇ.

ಒಂದು ಮಧ್ಯಾಹ್ನ ಮೂರು ಹೆರಿಗೆ ಒಟ್ಟಿಗೆ ಬಂದವು. ಸಲೈನಿನಲ್ಲಿ ಕೊಡಬೇಕಾದ ಇಂಜೆಕ್ಷನ್ ಹಿಡಿದು ಓಡಿಬಂದೆ. ಹಿಂದಿನಿಂದ ಯಾರೋ ಕೂಗುತ್ತಿದ್ದರು. ಅತ್ತ ನೋಡುತ್ತಲೇ ಮುಚ್ಚಳ ತೆಗೆದು ಸಿರಿಂಜ್ ಕೂರಿಸಿದೆ. ಸಲೀಸಾಗಿ ಕೂತಿತು. ಇನ್ನೇನು ಒತ್ತಬೇಕು... ಬೆರಳಿಗೆ ಗಂಟು ತಾಕಿತು. ತಿರುಗಿ ನೋಡಿದರೆ ಹಳದಿ. ಒತ್ತದೆ ಸಿರಿಂಜ್ ಕಳಚಿಕೊಂಡೆ. ಮಲಗಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು. ಆಕೆಗೆ ಏನೂ ತಿಳಿಯಲಿಲ್ಲ. ನಾನು ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳೇ ಆಸ್ಪತ್ರೆಯ ಮಾಲೀಕರು ಎಲ್ಲರನ್ನೂ ಕೂರಿಸಿಕೊಂಡು ರೇಗಿದರು. ರೋಗಿಗಳ ಕಡೆಯವರು ಇದನ್ನು ಮಾಟ ಅಂದುಕೊಳ್ಳುತ್ತಿದ್ದಾರೆ, ಈ ದಾರದಿಂದ ಒಂದಾದರೂ ಅನಾಹುತ ತಪ್ಪಿದೆಯೇ, ಕಂಡವರು ಹೇಳಿ ಎಂದರು. ಡಾಕ್ಟರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ನೆಲ ನೋಡಿದೆ. ನೌಕರಿ ಹೋದೀತೆಂಬ ಹೆದರಿಕೆ. ದಾರ ಅವತ್ತೇ ನಿಂತಿತು.

“ಹೋಗ್ಲಿ ಬಿಡ್ರಿ ಸಿಸ್ಟರ್, ನಿಮಗ ಕತ್ತರಸೋ ಕೆಲಸರ ತಪ್ಪಿತು,” ಎಂದರು ಹೊರಗೆ ಬಂದು. ಅದರಲ್ಲಿ ಕೊಂಕಿರಲಿಲ್ಲ. ನಮಗೆ ಮತ್ತೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಡಾಕ್ಟರು ತೀರಿಕೊಂಡ ಸುದ್ದಿ ಬಂತು. ಇವತ್ತು ಹೇಳೋಣ, ನಾಳೆ ಫೋನ್ ಮಾಡೋಣ ಅಂದುಕೊಳ್ಳುತ್ತಲೇ ಇದ್ದೆ... ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮೊನ್ನೆ, ಮಗ ಈಗಿರುವ ಸಂಭಾಜಿನಗರದ ಆಸ್ಪತ್ರೆಯಲ್ಲಿ ಸೊಸೆಯ ಭುಜದ ಮೇಲೆ ಅವೇ ಎರಡು ನಳಿಕೆ. ಅದೇ ಬಾಯಿ! ಮೊಬೈಲ್ ಚಾರ್ಜರಿನ ಬಾಯಿ ನಾನು ಕಂಡ ಹಾಗೆ ಮೂರು ಸಲ ಬದಲಾಯಿತು. ಇದೊಂದನ್ನು ಬದಲಿಸಲು ಇವರಿಗೇನು ಧಾಡಿ? ಬೆಳಿಗ್ಗೆ ಗೊಣಗುತ್ತಲೇ ಕುದಿಸಿ ಒಣಗಿಸಿದ್ದ ದಾರವನ್ನು ಪರ್ಸಿನಿಂದ ತೆಗೆದೆ. ನರ್ಸ್ ಹುಡುಗಿ ತಡೆದಳು. ಕಲಬುರಗಿಯವರ ಮಗಳು, ಇಲ್ಲೇ ಬೆಳೆದು ಮಾತಿಗೆ ಮರಾಠಿ ಬೆರೆಸುವವಳು.

“ಕಾಕು, ಹಂಗೆಲ್ಲ ಕಟ್ಟಂಗಿಲ್ರಿ. ಆಜಪರ್ಯಂತ ಇಲ್ಲಿ ಏನೂ ಆಗಿಲ್ಲ.”

“ಆಗಿಲ್ಲ ಅಂತಲ್ಲವ್ವಾ, ಯಾರೂ ಹೇಳಿಲ್ಲ. ನಾನೂ ನರ್ಸ್ ಇದ್ದೆ. ಬೆನ್ನಿನ ನಳಿಗೀಗೆ ತಪ್ಪು ಸಿರಿಂಜ್ ಹಚ್ಚಿದ್ದೆ. ದಾರ ಇತ್ತಂತ ಕೈ ನಿಂತಿತು.”

ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದೆ. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು.

“ಹ್ವಾದ ವಾರ ನನ್ನ ಕೈಯಾಗೂ...”

ಅವಳೇ ದಾರ ಇಸಿದುಕೊಂಡು ಕಟ್ಟಿದಳು. ಗಂಟನ್ನು ನಾನು ಎಳೆದು ನೋಡಿದೆ. ಆ ಕೆಲಸ ಮಾಡಬೇಕಾದವರು ಇರಲಿಲ್ಲ.