ಗಣಿತ ಶಿಬಿರದ ನನ್ನ ಬೆಂಚಿನವಳು

ವಿಶ್ವವಿದ್ಯಾಲಯದ ಬೇಸಿಗೆ ಗಣಿತ ಶಿಬಿರಕ್ಕೆ ಅವಳು ಜೋಗೇಶ್ವರಿಯಿಂದ ಬಂದು ನನ್ನ ಪಕ್ಕ ಕೂರುತ್ತಿದ್ದಳು. ಲೆಕ್ಕ ಕೊಟ್ಟ ತಕ್ಷಣ ನಾವೆಲ್ಲ ಪೆನ್ನು ಹಿಡಿದರೆ, ಅವಳು ಚಪ್ಪಲಿ ಕಳಚಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಜಡೆಯ ತುದಿ ಕಚ್ಚುತ್ತ ಫ್ಯಾನ್ ನೋಡುತ್ತಿದ್ದಳು. ಕ್ಯಾಂಟೀನಿನ ವಡಾಪಾವ್ ಇರಲಿ, ನನ್ನ ಹೊಸ ಬ್ಯಾಗ್ ಇರಲಿ, ಮನೆಯಲ್ಲಾಡುವ ವಿಜಯಪುರದ ಕನ್ನಡದಲ್ಲಿ ಅವಳದು ಒಂದೇ ಮಾತು: “ಬರೋಬರಿ ಐತಿ, ಖರೆ ಛಂದಿಲ್ಲ.” ಸರಿ ಇದೆ, ಆದರೆ ಚೆಂದವಿಲ್ಲ ಅಂತ. ಅಂಧೇರಿಯ ಕೋಚಿಂಗ್ ಕ್ಲಾಸಿನಲ್ಲಿ ವರ್ಷಗಟ್ಟಲೆ ಬೆವರಿ ಬಂದಿದ್ದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಸರ್ ನಮ್ಮಿಬ್ಬರನ್ನೂ ಬೋರ್ಡಿಗೆ ಕರೆದು ಒಂದೇ ಲೆಕ್ಕ ಬಿಡಿಸಲು ಹೇಳಿದರು. ನನ್ನ ಪಾಲಿನ ಅರ್ಧ ಬೋರ್ಡನ್ನು ನಾನು ತುಂಬಿಸಿದೆ. ಅವಳು ನಾಲ್ಕು ಸಾಲು ಬರೆದು, ಹಿಂದೆ ಸರಿದು ನೋಡಿ, ಅಂಗೈಯಿಂದ ಎಲ್ಲ ಒರೆಸಿಬಿಟ್ಟಳು.

“ಅರೇ, ಸಹೀ ಥಾ!” ಸರಿಯಾಗೇ ಇತ್ತಲ್ಲ ಎಂದು ಸರ್ ಹಿಂದಿಯಲ್ಲಿ ಕೂಗಿದರು.

“ಬರೋಬರಿ ಇತ್ತು, ಖರೆ ಛಂದ ಇದ್ದಿಲ್ಲ,” ಎಂದು ನನ್ನ ಕಿವಿಯಲ್ಲಿ ಹೇಳಿ ಅವಳು ಬೆಂಚಿಗೆ ಹೋದಳು, ಮತ್ತೆ ಜಡೆ ಬಾಯಿಗೆ ಹೋಯಿತು.

ಸರ್ ನನ್ನ ಉತ್ತರಕ್ಕೆ ಸರಿ ಗುರುತು ಹಾಕಿದರು. ಆದರೆ ಬಹಳ ಹೊತ್ತು ಅವರು ನೋಡುತ್ತ ನಿಂತದ್ದು ಅವಳು ಒರೆಸಿದ ಖಾಲಿ ಜಾಗವನ್ನು.